ಟೋಕನ್ನಿನ ಹಿಂಬದಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ವಿಶ್ವವಿದ್ಯಾಲಯದ ಮಾರ್ಗದರ್ಶನ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷದಿಂದ ಟೋಕನ್ ಕಿಟಕಿಯ ಹಿಂದೆ ಕೂತಿರುವ ಹೆಂಗಸಿಗೆ ಅದು ಇನ್ನೆಲ್ಲಿರಬೇಕು ಹೇಳಿ. ಪ್ರವೇಶದ ಕಾಲ ಬಂತೆಂದರೆ ದಿನಕ್ಕೆ ನೂರು ಮಂದಿ. ಏನು ಓದಬೇಕೆಂದು ಗೊತ್ತಿಲ್ಲದ ಮಕ್ಕಳು, ಎಲ್ಲ ಗೊತ್ತಿರುವ ಅಪ್ಪಂದಿರು, ಇಬ್ಬರ ನಡುವೆ ನೀರಿನ ಬಾಟಲಿ ಹಿಡಿದು ನಿಂತ ಅಮ್ಮಂದಿರು. ನನ್ನ ಕಿಟಕಿಯ ನೆತ್ತಿಯ ಮೇಲೆ ‘ಇಲ್ಲಿ ಟೋಕನ್ ಪಡೆಯಿರಿ’ ಎಂದು ಮಾರುದ್ದದ ಬೋರ್ಡಿದೆ. ಅದರ ಕೆಳಗೇ ನಿಂತು, ಕಿಟಕಿಯೊಳಗೆ ಮೂಗು ತೂರಿಸಿ, “ಟೋಕನ್ ಎಲ್ಲಿ ಕೊಡ್ತಾರೆ?” ಎಂದು ಕೇಳುತ್ತಾರೆ. “ಚಂದ್ರಲೋಕದಲ್ಲಿ” ಎಂದು ಒಂದು ಸಲ ಹೇಳಿದ್ದೆ. ಆ ಅಪ್ಪ ದೂರು ಬರೆದು ಕೊಟ್ಟ.

ಒಳಗಿನ ಕೋಣೆಯಲ್ಲಿ ಕೂರುವವರು ನಮ್ಮ ಸಲಹೆಗಾರರು. ಬೆನ್ನ ಹಿಂದೆ ಇಡೀ ಕಚೇರಿ ಅವರನ್ನು ‘ಏನನ್ನಿಸುತ್ತೆ ಸಾರ್’ ಎಂದೇ ಕರೆಯುತ್ತದೆ. ಮನುಷ್ಯ ಅಪ್ಪಟ ಚಿನ್ನ. ಆದರೆ ಅವರ ಬಾಯಿಂದ ಒಂದು ‘ಹೂಂ’ ಆಗಲಿ ‘ಉಹೂಂ’ ಆಗಲಿ ಹೊರಡಿಸುವುದು ಯಾರಪ್ಪನ ಕೈಯಲ್ಲೂ ಆಗದು. ಇದನ್ನು ಓದು, ಅದನ್ನು ಬಿಡು ಎಂದು ಯಾರಿಗೂ ಹೇಳಬಾರದು, ಆಯ್ಕೆ ಮಕ್ಕಳದ್ದೇ ಆಗಬೇಕು ಎಂಬುದು ಅವರ ಹಟ. ಮೂವತ್ತೆರಡು ಪ್ರಶ್ನೆಗಳ ಹಾಳೆಯೊಂದನ್ನು ಮುಂದಿಟ್ಟುಕೊಂಡು ಒಂದೊಂದಾಗಿ ಕೇಳುತ್ತಾರೆ. ಕೊನೆಗೆ ಕನ್ನಡಕ ತೆಗೆದು, ಒರೆಸಿ, “ಈಗ ನಿಮಗೇನನ್ನಿಸುತ್ತೆ?” ಎನ್ನುತ್ತಾರೆ. ಚಟ ಎಷ್ಟು ಬೇರೂರಿದೆಯೆಂದರೆ, “ಸಾರ್, ಟೀ ತರಿಸ್ಲಾ?” ಎಂದರೂ “ನಿಮಗೇನನ್ನಿಸುತ್ತೆ?” “ಸಾರ್, ಫ್ಯಾನು ಅಲ್ಲಾಡ್ತಿದೆ, ತಲೆ ಮೇಲೆ ಬೀಳೋ ಹಾಗಿದೆ” ಎಂದರೂ “ನಿಮಗೇನನ್ನಿಸುತ್ತೆ?” ನನಗೆ ಅನ್ನಿಸಿದ್ದನ್ನು ನಾನು ಹೇಳದೆ ಬಿಟ್ಟಿದ್ದೇನೆ, ಅದೇ ದೊಡ್ಡದು.

ನನ್ನದು ಅದಕ್ಕೆ ತದ್ವಿರುದ್ಧದ ಕಾಯಿಲೆ. ಮುಖ ನೋಡಿದರೆ ಸಾಕು, ಈ ಮಗು ಏನು ಓದಬೇಕೆಂದು ನನಗೆ ತಿಳಿದುಹೋಗುತ್ತದೆ. ತಿಳಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ಜೀರ್ಣವಾಗುವುದಿಲ್ಲ. ಹಾಗಾಗಿ ಮೊದಲೆಲ್ಲ ಕಿಟಕಿಯಿಂದಲೇ ಹೇಳಿ ಕಳಿಸುತ್ತಿದ್ದೆ. “ಏಯ್ ಉದ್ದದ ಹುಡುಗ, ಫಾರ್ಮಲ್ಲಿ ನಿನ್ನ ವಯಸ್ಸನ್ನೇ ತಪ್ಪು ಬರೆದಿದ್ದೀಯ, ಗಣಿತದ ಕಡೆ ತಲೆ ಹಾಕ್ಬೇಡ.” “ನೋಡಮ್ಮಾ, ನಿಂತ ಹತ್ತು ನಿಮಿಷದಲ್ಲಿ ನಾಲ್ಕು ಜನರ ಜಗಳ ಬಿಡಿಸಿದೆ, ನೀನು ಸಮಾಜಕಾರ್ಯ ತಗೋ.” ಇದು ಮೇಲಿನವರ ಕಿವಿಗೆ ಬಿತ್ತು. ‘ಟೋಕನ್ ಕಿಟಕಿಯಲ್ಲಿ ಸಲಹೆ ನೀಡತಕ್ಕದ್ದಲ್ಲ’ ಎಂದು ನನಗೊಂದು ಮೆಮೋ ಬಂತು. ಇನ್ನೊಂದು ಬಂದರೆ ಮನೆಗೆ ಹೋಗಬೇಕಾದೀತು ಎಂಬ ಮಾತೂ ಅದರ ಕೊನೆಯ ಸಾಲಿನಲ್ಲಿತ್ತು. ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡೆ.

ಅದೇ ವರ್ಷ ನಮ್ಮ ಹಳೆಯ ಪ್ಲಾಸ್ಟಿಕ್ ಟೋಕನ್‌ಗಳು ಒಡೆದು, ಕಳೆದು, ನೂರಿದ್ದದ್ದು ಮೂವತ್ತಕ್ಕೆ ಇಳಿದವು. ಹೊಸದು ಬೇಕೆಂದು ಮೂರು ಸಲ ಪತ್ರ ಬರೆದೆ. ಗೋಡೆಗೆ ಹೇಳಿದ್ದರೆ ಅದಾದರೂ ಪ್ರತಿಧ್ವನಿ ಕೊಡುತ್ತಿತ್ತು. ಪ್ರವೇಶಕ್ಕೆ ಎರಡೇ ದಿನ ಉಳಿದಿದ್ದಾಗ ನಾನೇ ಉಗ್ರಾಣ ಹೊಕ್ಕೆ. ಅಲ್ಲಿ ಭೂವಿಜ್ಞಾನ ವಿಭಾಗದ ಪರಿಚಯ ಪುಸ್ತಿಕೆಗಳು ಕಟ್ಟುಕಟ್ಟಾಗಿ ಸೂರು ಮುಟ್ಟಿದ್ದವು. ಮುನ್ನೂರು ಸಾಕು ಎಂದದ್ದಕ್ಕೆ ಮುದ್ರಣಾಲಯದವರು ಮೂರು ಸಾವಿರ ಹಾಕಿ ಕಳಿಸಿದ್ದರಂತೆ. ಮುನ್ನೂರಕ್ಕೇ ಗಿರಾಕಿಗಳಿಲ್ಲ, ಮೂರು ಸಾವಿರವನ್ನು ಯಾರು ಮುಟ್ಟುತ್ತಾರೆ? ಆದರೆ ಅದರ ರಕ್ಷಾಪುಟ, ಆಹಾ, ಎಂಥ ಗಟ್ಟಿ ರಟ್ಟು! ಹೊರಗೆ ಬೆಟ್ಟಬಂಡೆಗಳ ಬಣ್ಣದ ಚಿತ್ರ, ಒಳಮೈ ಹಾಲಿನಷ್ಟು ಬಿಳುಪು. ಇಪ್ಪತ್ತೈದು ಪುಸ್ತಿಕೆಗಳ ರಟ್ಟು ಕಿತ್ತೆ, ಒಂದೊಂದನ್ನು ನಾಲ್ಕು ತುಂಡು ಮಾಡಿದೆ, ಬಿಳಿ ಕಡೆ ದಪ್ಪ ಪೆನ್ನಿನಲ್ಲಿ ಒಂದರಿಂದ ನೂರರವರೆಗೆ ಬರೆದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಪ್ರತಿ ನಾಲ್ಕನೇ ತುಂಡಿನ ಹಿಂಬದಿಯಲ್ಲಿ ಚಿತ್ರದ ಜೊತೆಗೆ ಒಂದು ಸಾಲಿತ್ತು: ‘ನಿಮ್ಮ ಭವಿಷ್ಯ ಕಲ್ಲುಗಳಲ್ಲಿ ಅಡಗಿದೆ. ಭೂವಿಜ್ಞಾನ ವಿಭಾಗ.’ ನಾನದನ್ನು ನೋಡಲಿಲ್ಲವೆಂದಲ್ಲ. ನೋಡಿದೆ, ಓದಿದೆ, ‘ಇವರ ಭವಿಷ್ಯಕ್ಕೆ ಕಲ್ಲೇ ಗತಿ’ ಎಂದು ಒಬ್ಬಳೇ ನಕ್ಕೂ ನಕ್ಕೆ. ಟೋಕನ್ನಿನ ಹಿಂದೆ ಏನಿದ್ದರೆ ಏನಂತೆ? ನಂಬರು ಮುಖ್ಯ.

ಆ ವರ್ಷ ಒಂದು ವಿಚಿತ್ರ ನಡೆಯಿತು. ಭೂವಿಜ್ಞಾನ ವಿಭಾಗ ಅಂದರೆ ಮೊದಲು ವಿದ್ಯಾರ್ಥಿಗಳಿಗಿಂತ ಕಪಾಟುಗಳೇ ಹೆಚ್ಚಿದ್ದ ಜಾಗ. ಮುಚ್ಚಿಬಿಡಿ ಎಂಬ ಆದೇಶದ ಕರಡು ಕೂಡ ಸಿದ್ಧವಾಗಿತ್ತು. ಅಂಥಲ್ಲಿಗೆ ಒಮ್ಮೆಲೇ ಹದಿನೇಳು ಮಕ್ಕಳು ಸೇರಿದರು. ಮರುವರ್ಷ ಹದಿನಾಲ್ಕು. ವಿಭಾಗದ ಮುಖ್ಯಸ್ಥರನ್ನು ನಾವು ಕಲ್ಲು ಮೇಷ್ಟ್ರು ಎನ್ನುತ್ತೇವೆ. ಸಣ್ಣ ಜೀವ, ಜೇಬು ತುಂಬ ಕಲ್ಲು. ಕಲ್ಲಿಲ್ಲದಿದ್ದರೆ ಗಾಳಿಗೆ ಹಾರಿಹೋಗುತ್ತಾರೇನೋ ಅನ್ನಿಸುತ್ತದೆ. ಅವರು ಓಡಿ ಬಂದು ನಮ್ಮ ಸಾರ್ ಕೈ ಹಿಡಿದುಕೊಂಡು ಕಣ್ಣೀರು ಹಾಕಿದರು. ಕುಲಪತಿಗಳು ‘ವೈಜ್ಞಾನಿಕ ಮಾರ್ಗದರ್ಶನ’ ಎಂದು ಹೊಗಳಿ ಒಂದು ಪ್ರಶಂಸಾಪತ್ರ ಕೊಟ್ಟರು. ಪತ್ರಿಕೆಯವನೊಬ್ಬ ಬಂದು, “ಇದನ್ನ ಹೇಗೆ ಸಾಧಿಸಿದ್ರಿ?” ಎಂದ. ಸಾರ್ ಕನ್ನಡಕ ಒರೆಸಿ, “ನಿಮಗೇನನ್ನಿಸುತ್ತೆ?” ಎಂದರು. ಎಂಥ ವಿನಯ ಎಂದು ಅವನು ಬರೆದ. ಅವರಿಗೂ ಗೊತ್ತಿರಲಿಲ್ಲ, ಅಷ್ಟೇ.

ಇಷ್ಟಾಗಿ ಮೊನ್ನೆ ಮೊನ್ನೆ, ವಿಷಯ ಬದಲಾವಣೆಗೆ ಕೊನೆಯ ವಾರ ನಡೆಯುತ್ತಿದ್ದಾಗ, ಒಬ್ಬ ಹುಡುಗಿ ಕಿಟಕಿಗೆ ಬಂದಳು. ಗುಬ್ಬಚ್ಚಿಯಂಥ ಹುಡುಗಿ, ದೊಡ್ಡ ಚೀಲ. ಏನೂ ಕೇಳದೆ ಒಂದು ರಟ್ಟಿನ ತುಂಡನ್ನು ನನ್ನ ಮುಂದಿಟ್ಟಳು. ಇಪ್ಪತ್ತೆಂಟು!

“ಎಲಾ ಇವಳ! ಎರಡು ವರ್ಷದಿಂದ ಇಪ್ಪತ್ತೆಂಟು ಕಾಣೆ ಅಂತ ಹುಡುಕಿ ಹುಡುಕಿ ಸಾಕಾಗಿ ಬೇರೆ ಮಾಡ್ಕೊಂಡೆ. ನೀನಾ ಕದ್ದದ್ದು?”

“ಕದ್ದಿಲ್ಲ ಅಕ್ಕಾ,” ಎಂದಳು ಮೆಲ್ಲಗೆ. “ಇದು ನನ್ನ ಫಲಿತಾಂಶ ಅಂದ್ಕೊಂಡಿದ್ದೆ.”

“ಏನು ಫಲಿತಾಂಶ?”

ಅವಳು ತುಂಡನ್ನು ಮಗುಚಿ ಸಾಲಿನ ಮೇಲೆ ಬೆರಳಿಟ್ಟಳು. “ನೀವು ನನ್ನ ಅಂಕಪಟ್ಟಿ ಇಸ್ಕೊಂಡ್ರಿ. ನೋಡಿದ್ರಿ. ಆಮೇಲೆ ನನ್ನ ಮುಖ ನೋಡಿದ್ರಿ. ಆಮೇಲೆ ಇದನ್ನ ಕೊಟ್ರಿ. ನನ್ನ ಮುಂದಿದ್ದೋನ ಹತ್ರ ಬರೀ ಬಂಡೆ ಇತ್ತು, ಹಿಂದಿದ್ದೋಳ ಹತ್ರ ಬರೀ ಆಕಾಶ. ನನಗೆ ಮಾತ್ರ ಬರೆದು ಕೊಟ್ಟಿದ್ರಿ. ಅಂಕ ನೋಡಿ ಲೆಕ್ಕ ಹಾಕಿ ಕೊಡೋದು ಇಲ್ಲಿನ ಪದ್ಧತಿ ಅಂದ್ಕೊಂಡೆ.”

ನನಗೆ ನಗು ಬಂತು, ಸಿಟ್ಟೂ ಬಂತು. “ಒಳಗೆ ಸಾರ್ ಮೂವತ್ತೆರಡು ಪ್ರಶ್ನೆ ಕೇಳಿದ್ರಲ್ಲೇ! ಆಗ ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ದೆಯಾ?”

“ಅದು ಪರೀಕ್ಷೆ ಅಂದ್ಕೊಂಡೆ ಅಕ್ಕಾ. ಟೋಕನ್ನಲ್ಲಿ ಬಂದಿರೋದಕ್ಕೆ ನಾನು ಸರಿಹೊಂದ್ತೀನಾ ಅಂತ ನೋಡ್ತಿದ್ದಾರೆ ಅಂತ. ಬಿಸಿಲಲ್ಲಿ ಓಡಾಡೋದು ಇಷ್ಟಾನಾ ಅಂದ್ರು, ಇಷ್ಟ ಅಂದೆ. ಬೆಟ್ಟ ಹತ್ತೋದು ಅಂದ್ರು, ಅದಂದ್ರೆ ಪ್ರಾಣ ಅಂದೆ. ನಿಜ ಅಂದ್ರೆ ಬೆಟ್ಟ ಹತ್ತಿದ್ರೆ ನನಗೆ ತಲೆ ಸುತ್ತುತ್ತೆ. ಕೊನೆಗೆ ನಿಮಗೇನನ್ನಿಸುತ್ತೆ ಅಂದ್ರು. ಭೂವಿಜ್ಞಾನ ಅಂದೆ. ತುಂಬಾ ಖುಷಿಯಾದ್ರು. ಪಾಸಾದೆ ಅಂದ್ಕೊಂಡೆ.”

ಪಾಸಾದ ಹುಡುಗಿ ಆಮೇಲೆ ಆರು ಪತ್ರಿಕೆಗಳಲ್ಲಿ ಮೂರರಲ್ಲಿ ಫೇಲಾಗಿದ್ದಳು. ಯಾವ ಕಲ್ಲು ಕೊಟ್ಟರೂ ಅವಳಿಗೆ ಒಂದೇ ಥರ ಕಾಣುತ್ತಿತ್ತಂತೆ. ಈಗ ಅವಳು ನಿಯಮಾವಳಿಯ ಪುಸ್ತಕ ಪೂರ್ತಿ ಓದಿ ಒಂದು ದಾರಿ ಹುಡುಕಿಕೊಂಡಿದ್ದಳು. ಹದಿನಾಲ್ಕನೇ ನಿಯಮ: ಮಾರ್ಗದರ್ಶನ ಕೇಂದ್ರದಿಂದ ದೊರೆತ ತಪ್ಪು ಸಲಹೆಯಿಂದ ವಿಷಯ ಆರಿಸಿಕೊಂಡವರು ವರ್ಷ ಕಳೆದುಕೊಳ್ಳದೆ ಬೇರೆ ವಿಷಯದ ಅದೇ ತರಗತಿಗೆ ಸೇರಬಹುದು. ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಶುರು.

“ಹಾಗಿದ್ರೆ ಮೊದಲಿಂದ ಶುರು ಮಾಡು. ವಯಸ್ಸೇನು ಮೀರಿಲ್ಲ.”

“ಓದಿಸ್ತಿರೋದು ಚಿಕ್ಕಪ್ಪ,” ಎಂದಳು. “ಈ ಎರಡು ವರ್ಷ ನೀರಲ್ಲಿ ಹೋದ್ರೆ ಇನ್ನು ಸಾಕು, ಬಂದು ಅಂಗಡೀಲಿ ಕೂರು ಅಂದಿದ್ದಾರೆ. ಅಂಗಡೀಲಿ ಬಾಗಿಲ ಚಿಲಕ, ತಿರುಪು, ಮೊಳೆ ಮಾರ್ತಾರೆ. ಚಿಕ್ಕಪ್ಪ ಕೆಟ್ಟವರಲ್ಲ ಅಕ್ಕಾ, ಹೇಳಿದ್ರೆ ಹೇಳಿದ್ದೇ. ನಾಳೆ ಹನ್ನೊಂದಕ್ಕೆ ಕುಲಸಚಿವರ ಹತ್ರ ವಿಚಾರಣೆ ಇದೆ. ಇದು ಇಲ್ಲಿಂದಾನೇ ಕೊಟ್ಟಿದ್ದು ಅಂತ ನೀವೊಂದು ಮಾತು ಹೇಳಿದ್ರೆ ಸಾಕು.”

ನನ್ನ ಕಣ್ಣ ಮುಂದೆ ಮೆಮೋದ ಕೊನೆಯ ಸಾಲು ಬಂತು. “ಅದು ರಟ್ಟು ಕಣೇ ತಾಯಿ! ಬರೀ ರಟ್ಟು! ರಟ್ಟಿನ ಮಾತು ಕೇಳಿ ಯಾರಾದ್ರೂ ಬದುಕು ಕಟ್ಟಿಕೊಳ್ತಾರಾ?” ಎಂದು ರೇಗಿದೆ. ಅವಳು ಟೋಕನ್ನನ್ನು ಮತ್ತೆ ಚೀಲದಲ್ಲಿಟ್ಟುಕೊಂಡು ಹೋದಳು.

ಹೋದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಒಂದು ಹುಚ್ಚು ಹುಡುಗಿ ತಪ್ಪು ತಿಳಿದುಕೊಂಡಿತು, ಸರಿ. ಉಳಿದ ಮೂವತ್ತು? ಕಪಾಟಿನಿಂದ ಎರಡು ವರ್ಷದ ಹಾಜರಿ ಪುಸ್ತಕ ಇಳಿಸಿದೆ. ಯಾರು ಯಾವ ಟೋಕನ್ ಹಿಡಿದು ಒಳಗೆ ಹೋದರು, ಕೊನೆಗೆ ಯಾವ ವಿಷಯ ಆರಿಸಿಕೊಂಡರು ಎಂದು ನಾನೇ ಬರೆದಿಟ್ಟದ್ದು. ಭೂವಿಜ್ಞಾನದವರ ನಂಬರುಗಳ ಮೇಲೆ ಬೆರಳಾಡಿಸುತ್ತಾ ಹೋದೆ. ನಾಲ್ಕು. ಹನ್ನೆರಡು. ಇಪ್ಪತ್ತೆಂಟು. ಮೂವತ್ತಾರು. ನಲವತ್ತು. ಅರವತ್ತೆಂಟು. ಎಲ್ಲ ನಾಲ್ಕರ ಮಗ್ಗಿ! ಮೂವತ್ತೊಂದರಲ್ಲಿ ಇಪ್ಪತ್ತೊಂಬತ್ತು ನಾಲ್ಕರ ಮಗ್ಗಿ. ಉಳಿದ ಇಬ್ಬರು ಹುಟ್ಟಾ ಕಲ್ಲಿನ ಹುಚ್ಚಿನವರಿರಬೇಕು. ನನ್ನ ಬಾಯಿಗೆ ಬೀಗ ಹಾಕಿಸಿದ್ದರು. ನನ್ನ ಕತ್ತರಿ ಎರಡು ವರ್ಷ ಕೂತು ಸಲಹೆ ಕೊಟ್ಟಿತ್ತು. ಮುಖ ನೋಡಿ ಹೇಳಿದ್ದರೂ ಒಂದು ಚಂದ. ಮುಖವನ್ನೂ ನೋಡದೆ, ಎಣಿಸಿ ಎಣಿಸಿ, ಪ್ರತಿ ನಾಲ್ಕನೆಯವರನ್ನು ಕಲ್ಲಿಗೆ ಕಳಿಸಿದ್ದೆ.

ಮಧ್ಯಾಹ್ನ ಕಲ್ಲು ಮೇಷ್ಟ್ರು ಬಂದರು. ಅವರಿಗೆ ವಿಚಾರಣೆಯ ನೋಟೀಸು ಹೋಗಿತ್ತು. ಹುಡುಗಿ ಅರ್ಜಿಯ ಜೊತೆ ಟೋಕನ್ನಿನ ಚಿತ್ರವನ್ನೂ ಲಗತ್ತಿಸಿದ್ದಳು. ಅವರು ಕಿಟಕಿಯ ಹತ್ತಿರ ನಿಂತು ಜೇಬಿನ ಕಲ್ಲುಗಳನ್ನು ಕಲಕುತ್ತಾ ಸ್ವಲ್ಪ ಹೊತ್ತು ಒದ್ದಾಡಿದರು.

“ಅಮ್ಮಾ, ಆ ಹುಡುಗಿ ಹೋಗ್ಲಿ, ನನಗೆ ಬೇಜಾರಿಲ್ಲ. ಬೆಟ್ಟದ ಮೇಲೆ ಎರಡು ಸಲ ಬಿದ್ದಳು ಪಾಪ. ಆದ್ರೆ ಕೇಂದ್ರದ್ದೇ ತಪ್ಪು ಅಂತ ಆದ್ರೆ ಆ ನಿಯಮ ಎಲ್ಲರಿಗೂ ಅನ್ವಯಿಸುತ್ತೆ. ಮೂವತ್ತೊಂದೂ ಹೋಗ್ಬಹುದು. ಹೋದ್ರೆ ವಿಭಾಗಕ್ಕೆ ಬೀಗ.” ಒಂದು ಕಲ್ಲನ್ನು ಹೊರತೆಗೆದು ಮತ್ತೆ ಜೇಬಿಗೆ ಹಾಕಿದರು. “ನಾನು ನಿಮಗೆ ಸುಳ್ಳು ಹೇಳಿ ಅನ್ನಲ್ಲ. ಕೇಳದೇ ಇದ್ದದ್ದನ್ನ ಹೇಳ್ಬೇಡಿ ಅಂತೀನಿ, ಅಷ್ಟೇ.”

ಕೈ ಮುಗಿದು ಹೋದರು. ಬೈದು ಹೋಗಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ.

ಸಂಜೆ ಮನೆಯಲ್ಲಿ ಪಾತ್ರೆಗಳ ಮೇಲೆ ನನ್ನ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ. ನನ್ನ ಗಂಡ ಬಸ್ ಚಾಲಕ. ‘ಚಾಲಕರೊಡನೆ ಮಾತನಾಡಬೇಡಿ’ ಎಂಬ ಬೋರ್ಡನ್ನು ಮನೆಗೂ ಹೊತ್ತು ತಂದ ಮನುಷ್ಯ. ದಿನಕ್ಕೆ ಐದು ಮಾತಾಡಿದರೆ ಅದೇ ಹಬ್ಬ. ಮೂರನೇ ತಟ್ಟೆ ಬಿದ್ದಾಗ, “ಏನಾಯ್ತು?” ಎಂದರು. ಎಲ್ಲ ಹೇಳಿದೆ. ಹುಡುಗಿ, ನಾಲ್ಕರ ಮಗ್ಗಿ, ಮೇಷ್ಟ್ರು, ಮೆಮೋ. ಕೊನೆಗೆ, “ಅವಳಿಗೆ ಬುದ್ಧಿ ಬೇಡ್ವಾ? ನನ್ನ ತಪ್ಪಾ ಇದು?” ಎಂದು ಅವರ ಮೇಲೆಯೇ ಹರಿಹಾಯ್ದೆ.

ಅವರು ಬಿದ್ದ ತಟ್ಟೆ ಎತ್ತಿಟ್ಟರು. “ಒಂದ್ಸಲ ಊರಿನ ಬೋರ್ಡು ಬದಲಾಯಿಸೋದು ಮರೆತು ಹನ್ನೆರಡು ಕಿಲೋಮೀಟರ್ ಓಡಿಸಿದ್ದೆ,” ಎಂದರು. “ಬಸ್ಸಲ್ಲಿದ್ದವರು ಬೋರ್ಡು ನೋಡಿ ಹತ್ತಿದವರು. ನಿಲ್ಲಿಸಿ ಹೇಳ್ದೆ.”

“ಏನಂದ್ರು?”

“ಬೈದರು.”

“ಆಮೇಲೆ?”

“ಇಳಿದು ಹೋದರು.” ಇಷ್ಟು ಹೇಳಿ ಅವರು ಊಟಕ್ಕೆ ಕೂತರು. ಒಂದು ತಿಂಗಳ ಮಾತು ಒಂದೇ ದಿನಕ್ಕೆ ಖರ್ಚಾಗಿತ್ತು.

ಮರುದಿನ ಹನ್ನೊಂದಕ್ಕೆ ಕುಲಸಚಿವರ ಕೋಣೆ. ಕುಲಸಚಿವರು ಅಂದರೆ ಒಬ್ಬ ಗಟ್ಟಿ ಹೆಂಗಸು. ಮಾತಿಗೂ ಮಾತಿಗೂ ನಡುವೆ ಉಸಿರಾಡುವುದಕ್ಕೂ ಜಾಗ ಬಿಡುವವರಲ್ಲ. ಮೇಜಿನ ಒಂದು ಕಡೆ ನಮ್ಮ ಸಾರ್, ಇನ್ನೊಂದು ಕಡೆ ಕಲ್ಲು ಮೇಷ್ಟ್ರು, ನಡುವೆ ಇಪ್ಪತ್ತೆಂಟನೇ ನಂಬರಿನ ಹುಡುಗಿ. ನಾನು ಹಾಜರಿ ಪುಸ್ತಕ, ಕೇಂದ್ರದ ಮೊಹರಿನ ಡಬ್ಬಿ ಹಿಡಿದು ಗೋಡೆಗೆ ಅಂಟಿಕೊಂಡಿದ್ದೆ.

“ನಿಮ್ಮ ಕೇಂದ್ರ ಈ ಹುಡುಗಿಗೆ ಭೂವಿಜ್ಞಾನ ತಗೋ ಅಂತ ಹೇಳಿತ್ತಾ?” ಎಂದು ಮೇಡಂ ಸಾರ್ ಕಡೆ ತಿರುಗಿದರು.

ಸಾರ್ ಅಭ್ಯಾಸಬಲದಿಂದ ಕನ್ನಡಕ ತೆಗೆದರು. “ನಿಮಗೇನ...”

“ನನಗೇನೂ ಅನ್ನಿಸಲ್ಲ. ಹೂಂ ಅಥವಾ ಇಲ್ಲ.”

“ಇಲ್ಲ ಮೇಡಂ. ಹತ್ತೊಂಬತ್ತು ವರ್ಷದಲ್ಲಿ ಯಾರಿಗೂ ಏನೂ ಹೇಳಿಲ್ಲ.”

“ಹಾಗಾದ್ರೆ ನಿಮ್ಮನ್ನ ಯಾಕೆ ಇಟ್ಕೊಂಡಿದೀವಿ?” ಎಂದು ಮೇಡಂ ತಮಗೇ ಹೇಳಿಕೊಂಡು ಹುಡುಗಿಯ ಕಡೆ ನೋಡಿದರು. “ಕೇಳಿದೆಯಲ್ಲಮ್ಮಾ, ಹೇಳಿಲ್ವಂತೆ.”

ಆಗ ಗುಬ್ಬಚ್ಚಿ ಎದ್ದು ನಿಂತಿತು. ಅದೇ ಮೆಲುದನಿ, ಆದರೆ ಒಂದು ಮಾತೂ ಆಚೀಚೆ ಆಗಲಿಲ್ಲ. “ಮೇಡಂ, ನಿಯಮದಲ್ಲಿ ಸಲಹೆಗಾರರೇ ಹೇಳ್ಬೇಕು ಅಂತ ಎಲ್ಲೂ ಇಲ್ಲ. ಕೇಂದ್ರದಿಂದ ದೊರೆತಿದ್ರೆ ಸಾಕು. ಟೋಕನ್ ಕೊಟ್ಟಿದ್ದು ಕೇಂದ್ರ. ಟೋಕನ್ ಇಲ್ದೆ ಒಳಗೆ ಬಿಡಲ್ಲ ಅಂತ ಬಾಗಿಲ ಮೇಲೆ ಬರೆದಿದ್ದಾರೆ. ಅಂಕಪಟ್ಟಿ ನೋಡಿದ ಮೇಲೇನೇ ಅದನ್ನ ಕೊಡೋದು. ಹೊಸದಾಗಿ ಬಂದ ಹದಿನೇಳು ವರ್ಷದ ಹುಡುಗಿ ಅದನ್ನ ಏನಂತ ತಿಳ್ಕೋಬೇಕು? ತಿಳ್ಕೊಂಡಿದ್ದು ನನ್ನ ತಪ್ಪಾದ್ರೆ, ಬರೆದು ಕೊಟ್ಟಿದ್ದು ಯಾರ ತಪ್ಪು?”

ಮೇಡಂ ಪೆನ್ನು ಕೆಳಗಿಟ್ಟರು. ನಾನು ಬಾಯಿ ತೆರೆದು ನೋಡುತ್ತಿದ್ದೆ. ಇಷ್ಟು ಚೂಟಿ ಹುಡುಗಿಯನ್ನು ಬಂಡೆಗೆ ಕಟ್ಟಿ ಹಾಕಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು.

“ಟೋಕನ್ ಕೊಡೋರು ನೀವಾ?” ಎಂದು ಮೇಡಂ ನನ್ನನ್ನು ಕೇಳಿದರು. “ಟೋಕನ್ ಮೇಲೆ ಸಲಹೆ ಅಚ್ಚು ಹಾಕಿಸ್ತೀರಾ?”

ಕಲ್ಲು ಮೇಷ್ಟ್ರು ತಲೆ ತಗ್ಗಿಸಿದರು. ನಾನು ಹಾಜರಿ ಪುಸ್ತಕವನ್ನು ಕಂಕುಳಿಗೆ ಒತ್ತಿಕೊಂಡೆ. “ಇಲ್ಲ ಮೇಡಂ. ನಾವು ಏನನ್ನೂ ಅಚ್ಚು ಹಾಕ್ಸಲ್ಲ.”

ಸುಳ್ಳಲ್ಲವೇ ಅಲ್ಲ. ನಾವು ಅಚ್ಚು ಹಾಕಿಸಲಿಲ್ಲ. ಮೇಡಂ ಮತ್ತೆ ಪೆನ್ನು ಎತ್ತಿಕೊಂಡರು. ಹುಡುಗಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮೇಜಿನ ಮೇಲೆ ಹರಡಿದ್ದ ತನ್ನ ಕಾಗದಗಳನ್ನು ಒಂದರ ಮೇಲೊಂದು ಅಂಚು ಕೂಡಿಸಿ ಜೋಡಿಸಿದಳು, ಚೀಲಕ್ಕೆ ಹಾಕಿದಳು, ಚೀಲದ ಗುಂಡಿ ಹಾಕಿದಳು. ಅಂಗಡಿಯಲ್ಲಿ ಮೊಳೆಗಳ ಪೊಟ್ಟಣ ಕಟ್ಟುವವರು ಹೀಗೆಯೇ ಅಚ್ಚುಕಟ್ಟಾಗಿ ಕಟ್ಟುತ್ತಾರೆ ಅನ್ನಿಸಿತು. ನನಗೆ ತಡೆಯಲಾಗಲಿಲ್ಲ.

“ಬರೀಬೇಡಿ ಮೇಡಂ!” ಎಂದು ಕೂಗಿಬಿಟ್ಟೆ. ಎಲ್ಲರೂ ಬೆಚ್ಚಿದರು. “ಅಚ್ಚು ಹಾಕ್ಸಿಲ್ಲ, ಆದ್ರೆ ಕತ್ತರಿಸಿದ್ದು ನಾನೇ. ಭೂವಿಜ್ಞಾನದ ಪುಸ್ತಿಕೆ ರಟ್ಟು. ಪತ್ರ ಬರೆದ್ರೆ ಹೊಸ ಟೋಕನ್ ಕಳಿಸ್ಲಿಲ್ಲ ನೀವು, ನಾನೇನು ಅಂಗೈ ಮೇಲೆ ನಂಬರ್ ಬರೆದು ಕಳಿಸ್ಲಾ? ಹಿಂದೆ ಏನು ಬರೆದಿದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ. ಇವಳೊಬ್ಬಳಿಗಲ್ಲ, ನಾಲ್ಕಕ್ಕೊಬ್ಬರಂತೆ ಎಲ್ಲರಿಗೂ. ನೋಡಿ!” ಹಾಜರಿ ಪುಸ್ತಕವನ್ನು ಅವರ ಮುಂದೆ ಬಿಚ್ಚಿಟ್ಟೆ. “ಇನ್ನೊಂದು ಮೆಮೋ ಕೊಡ್ತೀರಾ, ಕೊಡಿ. ಇವಳ ವರ್ಷ ಮಾತ್ರ ಕಳೀಬೇಡಿ.”

ಮೇಡಂ ಪುಟ ತಿರುವಿದರು. ನಾಲ್ಕು, ಹನ್ನೆರಡು, ಇಪ್ಪತ್ತೆಂಟು. ತುಟಿ ಒಂದಿಷ್ಟು ಅದುರಿತು. ನಗುವೋ ಸಿಟ್ಟೋ ಹೇಳುವುದು ಕಷ್ಟ. ಸಾರ್ ಮಾತ್ರ ಬಿಳುಚಿಕೊಂಡಿದ್ದರು. “ಹಾಗಾದ್ರೆ ಆ ಪ್ರಶಂಸಾಪತ್ರ...” ಎಂದರು.

“ಅದು ಕತ್ತರಿಗೆ ಸಲ್ಲಬೇಕು,” ಎಂದರು ಮೇಡಂ. “ಸರಿ, ಈ ಹುಡುಗಿ ಅರ್ಜಿ ಒಪ್ಪಿದ್ದೀನಿ. ಆದ್ರೆ ನ್ಯಾಯ ಅಂದ್ರೆ ನ್ಯಾಯ. ಉಳಿದವರನ್ನೂ ಕೇಳ್ಬೇಕಾಗುತ್ತೆ.”

ಕಲ್ಲು ಮೇಷ್ಟ್ರು ಎದ್ದರು. ಅವರ ಮುಖ ನೋಡಲಾಗುತ್ತಿರಲಿಲ್ಲ. “ಈಗಲೇ ಕೇಳ್ತೀನಿ ಮೇಡಂ. ಎಲ್ಲರೂ ಅಂಗಳದಲ್ಲೇ ಇದ್ದಾರೆ. ಗುಡ್ಡಕ್ಕೆ ಹೋಗೋಕೆ ಬಸ್ಸಿಗೆ ಕಾಯ್ತಿದ್ದಾರೆ.” ಹೊರಗೆ ಹೋದರು. ನಾವು ಕಿಟಕಿಯಿಂದ ನೋಡಿದೆವು. ಮೂವತ್ತು ಮಕ್ಕಳು, ಕೈಯಲ್ಲಿ ಸುತ್ತಿಗೆ, ತಲೆಗೆ ಟೋಪಿ. ಅವರ ನಡುವೆ ಆ ಸಣ್ಣ ಮನುಷ್ಯ ನಿಂತು, ಕೈ ಆಡಿಸಿ, ಟೋಕನ್ನಿನ ಕಥೆಯನ್ನು ಒಂದಕ್ಷರ ಬಿಡದೆ ಹೇಳುತ್ತಿದ್ದದ್ದು ಕಾಣುತ್ತಿತ್ತು. ಆಮೇಲೆ ಒಬ್ಬ ಹುಡುಗ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅವನ ಹಿಂದೆ ಇಡೀ ಗುಂಪು.

ಮೇಷ್ಟ್ರು ವಾಪಸ್ ಬಂದಾಗ ಕಣ್ಣು ಕೆಂಪಾಗಿತ್ತು. “ಯಾರೂ ಬಿಡಲ್ವಂತೆ ಮೇಡಂ. ಒಬ್ಬಳು, ಆಗ ತಪ್ಪಾಗಿದ್ದಿರಬಹುದು ಸಾರ್, ಈಗ ತಪ್ಪಲ್ಲ ಅಂದಳು. ಒಬ್ಬ, ತಮ್ಮನಿಗೂ ಅಂಥದ್ದೊಂದು ಟೋಕನ್ ಸಿಗುತ್ತಾ ಅಂತ ಕೇಳ್ತಿದ್ದಾನೆ. ಉಳಿದವರು ಬಸ್ಸು ಎಷ್ಟೊತ್ತಿಗೆ ಬರುತ್ತೆ ಅಂತಿದ್ದಾರೆ.” ಹೇಳಿ ಕುರ್ಚಿಯಲ್ಲಿ ಕುಸಿದು ಕೂತರು. ನಾನೇ ನೀರು ಕೊಟ್ಟೆ.

ಮೇಡಂ ಹೊಸ ಅರ್ಜಿಯೊಂದನ್ನು ಹುಡುಗಿಯ ಮುಂದೆ ಸರಿಸಿದರು. “ಇವತ್ತೇ ಕೊನೇ ದಿನ. ಯಾವ ವಿಷಯ ಬೇಕೋ ಬರೆದುಕೊಡು. ಒಂದೇ ಸಲ ಬದಲಾಯಿಸೋಕೆ ಅವಕಾಶ, ನೆನಪಿಟ್ಕೋ.”

ಹುಡುಗಿ ಪೆನ್ನು ತೆಗೆದಳು. ಕೋಣೆಯಲ್ಲಿ ಎಲ್ಲರಿಗೂ ಅವಳು ಏನು ಬರೆಯಬೇಕೆಂಬುದು ಹಗಲಿನಷ್ಟು ಸ್ಪಷ್ಟವಾಗಿತ್ತು. ನಿಯಮಾವಳಿಯನ್ನು ಕಥೆಪುಸ್ತಕದಂತೆ ಓದಿದವಳು, ಕುಲಸಚಿವರ ಪೆನ್ನನ್ನೇ ಕೆಳಗಿಡಿಸಿದವಳು! ಮಾತು ನನ್ನ ನಾಲಿಗೆ ತುದಿಗೆ ಬಂದು ತುರಿಸುತ್ತಿತ್ತು. ಹಲ್ಲು ಕಚ್ಚಿ ಹಿಡಿದೆ. ಆದರೆ ನನಗಿಂತ ಮೊದಲು ನಮ್ಮ ಸಾರ್ ಕುರ್ಚಿಯಿಂದ ನೆಗೆದು ನಿಂತರು. ಮುಖ ಕೆಂಪು, ಕನ್ನಡಕ ಕೈಯಲ್ಲಿ.

“ಕಾನೂನು!” ಎಂದು ಕೂಗಿದರು. “ಕಾನೂನು ತಗೋಳಮ್ಮಾ! ಕಣ್ಣು ಮುಚ್ಕೊಂಡು ತಗೋ!”

ಹತ್ತೊಂಬತ್ತು ವರ್ಷದ ಹಟ ಫಟ್ಟೆಂದು ಒಡೆಯಿತು. ಹೇಳಿದ ಮೇಲೆ ಅವರೇ ಬೆಚ್ಚಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಒಮ್ಮೆ ಕಟ್ಟೆ ಒಡೆದ ಮೇಲೆ ನಾನು ಯಾಕೆ ಸುಮ್ಮನಿರಲಿ? “ಹೌದು ಕಣೇ, ಕಾನೂನು!” ಎಂದೆ. “ಕಾನೂನೇ ಸರಿ,” ಎಂದರು ಕಲ್ಲು ಮೇಷ್ಟ್ರು. ಮೇಡಂ ಕೂಡ ತಲೆಯಾಡಿಸುತ್ತಿದ್ದರು.

ಹುಡುಗಿ ನಮ್ಮ ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ಅವಳು ನಕ್ಕದ್ದನ್ನು ಆಗಲೇ ನಾನು ಮೊದಲು ನೋಡಿದ್ದು. ಆಮೇಲೆ ಬಗ್ಗಿ ನಿಧಾನವಾಗಿ ಬರೆದಳು: ಕೀಟಶಾಸ್ತ್ರ.

“ಹುಳ ಹುಪ್ಪಟೆಯಾ?” ಎಂದು ನಾನು ಎದೆ ಬಡಿದುಕೊಂಡೆ. “ಅಯ್ಯೋ ನಿನ್ನ ಬಾಯಿಗೆ! ಇಂಥ ನಾಲಿಗೆ ಇಟ್ಕೊಂಡು ಹುಳಗಳ ಹತ್ರ ವಾದ ಮಾಡ್ತೀಯಾ?”

“ಗುಡ್ಡದ ಮೇಲೆ ಕಲ್ಲು ಎತ್ತಿದಾಗೆಲ್ಲ ಎಲ್ಲರೂ ಕಲ್ಲು ನೋಡ್ತಿದ್ರು ಅಕ್ಕಾ. ನಾನು ಅದರ ಕೆಳಗಿರೋ ಹುಳಗಳನ್ನ ನೋಡ್ತಿದ್ದೆ. ನೋಡ್ತಾ ನೋಡ್ತಾನೇ ಎರಡು ಸಲ ಬಿದ್ದಿದ್ದು.”

“ತಲೆಸುತ್ತು ಅಂದಿದ್ಯಲ್ಲಾ!” ಎಂದರು ಕಲ್ಲು ಮೇಷ್ಟ್ರು.

“ಅದೂ ಇತ್ತು ಸಾರ್.”

ನಾನು ಮೇಜಿನ ಹತ್ತಿರ ಹೋದೆ. ಸಿಟ್ಟಲ್ಲ, ನಿಜವಾಗಿ ಹೆದರಿಕೆ. ಇದ್ದದ್ದು ಒಂದೇ ಅವಕಾಶ. ಇದೂ ಕೈಕೊಟ್ಟರೆ ಚಿಕ್ಕಪ್ಪನ ಅಂಗಡಿಯೇ ಗತಿ. “ನೋಡು ಮಗಾ,” ಎಂದೆ, “ಕೈ ಮುಗಿದು ಕೇಳ್ತೀನಿ. ಇನ್ನೊಂದು ಸಲ ಯೋಚನೆ ಮಾಡು. ಇದೂ ತಪ್ಪಾದ್ರೆ ಏನು ಮಾಡ್ತೀಯಾ?”

ಅವಳು ಸಹಿ ಮಾಡಿ ಪೆನ್ನಿನ ಮುಚ್ಚಳ ಹಾಕಿದಳು.

“ನಿಮ್ಮ ತಪ್ಪನ್ನ ಎರಡು ವರ್ಷ ಓದಿದ್ದೀನಿ ಅಕ್ಕಾ,” ಎಂದಳು. ಮಾತಿನಲ್ಲಿ ಕೋಪ ಎಳ್ಳಷ್ಟೂ ಇರಲಿಲ್ಲ, ಅದಕ್ಕೇ ನೆಟ್ಟಗೆ ಬಂದು ಚುಚ್ಚಿತು. “ಈ ಸಲ ತಪ್ಪಾದ್ರೆ ಅದು ನಂದೇ ಆಗಿರ್ಲಿ ಬಿಡಿ.”

ನನ್ನ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ. ಮೇಡಂ ಅರ್ಜಿಯನ್ನು ನನ್ನ ಕಡೆ ತಳ್ಳಿದರು. ನಾನು ಕೇಂದ್ರದ ಮೊಹರು ತೆಗೆದು, ಶಾಯಿಗೆ ಅದ್ದಿ, ಅವಳ ಅಕ್ಷರ ಮುಚ್ಚಿಹೋಗದ ಹಾಗೆ ಪಕ್ಕದಲ್ಲಿ ಒತ್ತಿದೆ.